ಜನಗಣತಿಯೇ ಆಗಿಲ್ಲ, 140 ಕೋಟಿ ಅಂತ ಹೇಳಿದ್ದು ಯಾರು?

ಪ್ರಶ್ನೆ: ನಾನು ದಾವಣಗೆರೆ ಜಿಲ್ಲೆಯ ಪಿಯು ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಕಲಿಸುತ್ತೇನೆ. 2011ರ ನಂತರ ದೇಶದಲ್ಲಿ ಜನಗಣತಿ ಮುಗಿದದ್ದೇ ಇಲ್ಲ, ಆದರೂ ಎಲ್ಲರ ಬಾಯಲ್ಲೂ 140 ಕೋಟಿ. ಇದು ಎಲ್ಲಿಂದ ಬಂತು? 2024-25ರ ಕರ್ನಾಟಕದ ತಲಾದಾಯ ಒಂದು ಸುದ್ದಿಯಲ್ಲಿ 2,04,605 ರೂಪಾಯಿ, ಇನ್ನೊಂದರಲ್ಲಿ 3,80,906 ರೂಪಾಯಿ. ಜಿಡಿಪಿ ಬೆಳವಣಿಗೆ ದರವೂ ಸಲಕ್ಕೊಂದು ಥರ. ಮಕ್ಕಳು 'ಸರ್, ಇದೆಲ್ಲಾ ಸುಳ್ಳು ಲೆಕ್ಕನಾ?' ಅಂತ ಕೇಳುತ್ತಾರೆ. ಇನ್ನೊಂದು ಸಣ್ಣ ಪ್ರಶ್ನೆ. ಗಣತಿಯವರಿಗೆ ಬೈಕು, ಟಿವಿ ಇದೆ ಅಂದರೆ ರೇಷನ್ ಕಾರ್ಡ್ ಹೋಗುತ್ತೆ ಅಂತ ನಮ್ಮೂರಲ್ಲಿ ಹೆದರಿಕೆ ಇದೆ. ನಿಜವಾ?

ಉತ್ತರ:

ಸರ್, ಮಕ್ಕಳಿಗೆ ಮೊದಲು ಇಷ್ಟು ಹೇಳಿ: ಸುಳ್ಳಲ್ಲ, ಆದರೆ ಹಳೆಯದು. ನಮ್ಮ ಸರ್ಕಾರಿ ಅಂಕಿಅಂಶಗಳ ದೊಡ್ಡ ರೋಗ ಇದೇ ಅನ್ನುವುದು ನನ್ನ ಅಭಿಪ್ರಾಯ. ಯಾರೋ ಕೂತು ಸಂಖ್ಯೆ ತಿದ್ದುತ್ತಾರೆ ಅನ್ನುವುದು ಹೇಳಲು ಸುಲಭ, ಕೇಳಲು ರುಚಿ. ನಿಜವಾದ ತೊಂದರೆ ಅದಕ್ಕಿಂತ ಬೇಸರದ್ದು. ಜನಸಂಖ್ಯೆ 2011ರದ್ದು. ಜಿಡಿಪಿ ಸರಣಿಗೆ ಹತ್ತು ವರ್ಷಕ್ಕೂ ಜಾಸ್ತಿ ಕಾಲ ಆಧಾರ ವರ್ಷ, ಅಂದರೆ ಬೆಲೆ ಹೋಲಿಕೆಗೆ ಬುನಾದಿಯಾಗಿ ಹಿಡಿಯುವ ವರ್ಷ, ಆಗಿದ್ದದ್ದು 2011-12. ಬೆಲೆ ಏರಿಕೆ ಅಳೆಯುತ್ತಿದ್ದ ಬುಟ್ಟಿಯಲ್ಲಿ ಏನೇನಿರಬೇಕು ಅಂತ ಗೊತ್ತು ಮಾಡಿದ್ದು 2011-12ರಲ್ಲಿ ಜನ ಮಾಡಿದ ಖರ್ಚು ನೋಡಿ. ಬಡತನದ ಹಳೆಯ ಅಧಿಕೃತ ಲೆಕ್ಕ, 21.9 ಶೇಕಡಾ, ಅದೂ 2011-12ರದ್ದೇ. ನಿಮ್ಮ ಕ್ಲಾಸಿನಲ್ಲಿ ಕೂತಿರುವ ಮಕ್ಕಳು ಆಗ ಕೈಗೂಸುಗಳು.

ಈಗ 140 ಕೋಟಿ ವಿಷಯ. ಇದನ್ನು ಯಾರೂ ಮನೆಮನೆಗೆ ಹೋಗಿ ಎಣಿಸಿಲ್ಲ. ಎಣಿಸಿದ್ದು 121 ಕೋಟಿ, 2011ರ ಮಾರ್ಚ್ 1ರ ಶೂನ್ಯ ಗಂಟೆಗೆ. ಕರ್ನಾಟಕದ್ದು 6.11 ಕೋಟಿ. ಆಮೇಲಿನದೆಲ್ಲ ಲೆಕ್ಕ ಹಾಕಿ ಮುಂದೆ ತಳ್ಳಿದ್ದು. ರಾಷ್ಟ್ರೀಯ ಜನಸಂಖ್ಯಾ ಆಯೋಗದ ತಾಂತ್ರಿಕ ಸಮಿತಿ 2011ರಿಂದ 2036ರವರೆಗೆ ವರ್ಷವಾರು, ರಾಜ್ಯವಾರು ಅಂದಾಜು ಮಾಡಿ ಕೊಟ್ಟಿದೆ. ಅದರ ಪ್ರಕಾರ 2036ಕ್ಕೆ ನಾವು 152 ಕೋಟಿ. ಸರ್ಕಾರಿ ಕಡತಗಳಲ್ಲಿ ಓಡಾಡುವ ಜನಸಂಖ್ಯೆ ಬಹುತೇಕ ಈ ಕೋಷ್ಟಕದ್ದೇ.

ಲೆಕ್ಕದ ರೀತಿ ಕಷ್ಟದ್ದಲ್ಲ, ಬೋರ್ಡಿನ ಮೇಲೆ ಮಾಡಿ ತೋರಿಸಬಹುದು. 2011ರಲ್ಲಿ 10ರಿಂದ 14 ವಯಸ್ಸಿನವರು ಎಷ್ಟಿದ್ದರು ಅಂತ ಗೊತ್ತು. 2016ಕ್ಕೆ ಅವರೇ 15ರಿಂದ 19ರವರು. ನಡುವೆ ಎಷ್ಟು ಜನ ಸಾಯುತ್ತಾರೆ ಅನ್ನುವ ದರ ಗೊತ್ತಿದ್ದರೆ ಅಷ್ಟನ್ನು ಕಳೆಯಿರಿ. ಹೀಗೆ ಪ್ರತಿ ಐದು ವರ್ಷದ ಗುಂಪನ್ನೂ ಒಂದು ಮೆಟ್ಟಿಲು ಮೇಲೆ ಹತ್ತಿಸಿ. ಕೆಳಗಿನ ಮೆಟ್ಟಿಲು ಖಾಲಿಯಾಯಿತಲ್ಲ, ಅಲ್ಲಿಗೆ ಹೊಸದಾಗಿ ಹುಟ್ಟಿದವರು. ಅದಕ್ಕೆ 15ರಿಂದ 49ರ ಹೆಣ್ಣುಮಕ್ಕಳು ಎಷ್ಟಿದ್ದಾರೆ, ಯಾವ ವಯಸ್ಸಲ್ಲಿ ಸರಾಸರಿ ಎಷ್ಟು ಮಕ್ಕಳಾಗುತ್ತವೆ ಅನ್ನುವುದು ಬೇಕು. ಕೊನೆಗೆ ಊರು ಬಿಟ್ಟವರು, ಊರಿಗೆ ಬಂದವರು. ಇದರಲ್ಲಿ ಅತಿ ದುರ್ಬಲ ಭಾಗ ವಲಸೆ. ಬೆಂಗಳೂರಿಗೆ ಹತ್ತು ಹದಿನೈದು ವರ್ಷದಲ್ಲಿ ಎಷ್ಟು ಜನ ಬಂದು ಸೇರಿದರು ಅಂತ ಯಾರಾದರೂ ಪಕ್ಕಾ ಸಂಖ್ಯೆ ಹೇಳಿದರೆ ಸುಮ್ನೆ ನಕ್ಕುಬಿಡಿ.

ಹುಟ್ಟು ಸಾವಿನ ದರ ಬರುವುದು ಎಸ್‌ಆರ್‌ಎಸ್‌ನಿಂದ, ಅಂದರೆ ಮಾದರಿ ನೋಂದಣಿ ವ್ಯವಸ್ಥೆಯಿಂದ. ಇದರ ಬಗ್ಗೆ ಸ್ವಲ್ಪ ಹೇಳಲೇಬೇಕು, ಯಾಕೆಂದರೆ ನನ್ನ ಮಟ್ಟಿಗೆ ಇದು ನಮ್ಮ ದೇಶದ ಅತ್ಯಂತ ಜಾಣ ಲೆಕ್ಕಗಳಲ್ಲಿ ಒಂದು. ದೇಶದಾದ್ಯಂತ ಕೆಲವು ಸಾವಿರ ಹಳ್ಳಿ ಮತ್ತು ನಗರದ ಬ್ಲಾಕುಗಳನ್ನು ಆರಿಸಿಕೊಂಡಿರುತ್ತಾರೆ. ಪ್ರತಿ ಕಡೆ ಅಲ್ಲಿನವರೇ ಒಬ್ಬರು, ಸಾಮಾನ್ಯವಾಗಿ ಶಿಕ್ಷಕರೋ ಅಂಗನವಾಡಿ ಕಾರ್ಯಕರ್ತೆಯೋ, ಹುಟ್ಟಿದ್ದು ಸತ್ತದ್ದು ಎಲ್ಲ ಆಗಾಗಲೇ ಬರೆದುಕೊಳ್ಳುತ್ತಾ ಹೋಗುತ್ತಾರೆ. ಆರು ತಿಂಗಳಿಗೊಮ್ಮೆ ಮೇಲ್ವಿಚಾರಕರು ಬರುತ್ತಾರೆ. ಅವರು ಆ ಪುಸ್ತಕ ನೋಡುವ ಹಾಗಿಲ್ಲ. ತಾವೇ ಮನೆಮನೆಗೆ ಹೋಗಿ ಇನ್ನೊಮ್ಮೆ ಕೇಳಿ ಬೇರೆ ಪಟ್ಟಿ ಮಾಡುತ್ತಾರೆ. ಆಮೇಲೆ ಎರಡೂ ಪಟ್ಟಿ ಪಕ್ಕಪಕ್ಕ ಇಟ್ಟು ತಾಳೆ ನೋಡುತ್ತಾರೆ. ಒಂದರಲ್ಲಿದ್ದು ಇನ್ನೊಂದರಲ್ಲಿ ಇಲ್ಲದ ಹೆಸರುಗಳ ಮನೆಗೆ ಮತ್ತೆ ಹೋಗಿ ಖಚಿತ ಮಾಡಿಕೊಳ್ಳುತ್ತಾರೆ. ಹುಟ್ಟಿ ಎರಡೇ ದಿನಕ್ಕೆ ತೀರಿಕೊಂಡ ಮಗುವಿನ ವಿಷಯ ಮನೆಯವರು ಹೇಳಿಕೊಳ್ಳುವುದಿಲ್ಲ, ಹೆರಿಗೆಗೆ ತವರಿಗೆ ಹೋದವಳ ಲೆಕ್ಕ ಎರಡೂ ಊರಲ್ಲಿ ತಪ್ಪುತ್ತದೆ. ಇಂಥವನ್ನೆಲ್ಲ ಹಿಡಿಯುವುದಕ್ಕೆ ಈ ಎರಡು ಪಟ್ಟಿಯ ಉಪಾಯ. ಇದಕ್ಕೆ ಬೇಕಾದ ಗಣಿತವನ್ನು 1949ರಲ್ಲಿ ನಮ್ಮ ದೇಶದ ಸಿ. ಚಂದ್ರಶೇಖರನ್ ಮತ್ತು ಅಮೆರಿಕದ ಸಂಖ್ಯಾಶಾಸ್ತ್ರಜ್ಞ ಡೆಮಿಂಗ್ ಸೇರಿ ಬರೆದರು. ಅದೇ ಚಂದ್ರಶೇಖರನ್ ಮುಂದೆ 1951-52ರಲ್ಲಿ ವಿಶ್ವಸಂಸ್ಥೆ ಮತ್ತು ಭಾರತ ಸರ್ಕಾರ ಸೇರಿ ನಮ್ಮ ಹಳೇ ಮೈಸೂರು ರಾಜ್ಯದಲ್ಲಿ ನಡೆಸಿದ ದೊಡ್ಡ ಜನಸಂಖ್ಯಾ ಅಧ್ಯಯನದ ಮುಂದಾಳು. ಮಕ್ಕಳಿಗೆ ಇದನ್ನೂ ಹೇಳಿ.

ಹಾಗಾದರೆ ಇಷ್ಟೆಲ್ಲ ಚೆನ್ನಾಗಿ ಅಂದಾಜು ಮಾಡಬಹುದಾದರೆ ಜನಗಣತಿ ಯಾಕೆ ಬೇಕು? ಅಂದಾಜಿಗೆ ಆಘಾತ ಗೊತ್ತಾಗುವುದಿಲ್ಲ, ಅದಕ್ಕೆ. ಮೈಸೂರು ಸಂಸ್ಥಾನದಲ್ಲಿ 1871ರಲ್ಲಿ ಗಣತಿ ಮಾಡಿದಾಗ ಜನ ಸುಮಾರು 50.55 ಲಕ್ಷ. ಆಗ ಯಾರಾದರೂ ಕೂತು 1881ಕ್ಕೆ ಅಂದಾಜು ಮಾಡಿದ್ದರೆ ಒಂದಷ್ಟು ಲಕ್ಷ ಜಾಸ್ತಿಯೇ ಹೇಳುತ್ತಿದ್ದರು. 1881ರಲ್ಲಿ ಎಣಿಸಿದಾಗ ಸಿಕ್ಕಿದ್ದು 41.86 ಲಕ್ಷ. ನಡುವೆ 1876ರಿಂದ 78ರವರೆಗಿನ ಬರ, ಅದೇ ನಮ್ಮ ಅಜ್ಜಂದಿರ ಕಾಲದವರೆಗೂ ಜನ ನೆನೆಸಿಕೊಂಡು ಬೆಚ್ಚುತ್ತಿದ್ದ ದೊಡ್ಡ ಬರ. ಹುಟ್ಟಬೇಕಾಗಿದ್ದವರ ಮಾತು ಬಿಡಿ, ಇದ್ದವರಲ್ಲೇ ಸುಮಾರು 8.7 ಲಕ್ಷ ಕಮ್ಮಿ. ಎಣಿಸದೇ ಇದ್ದರೆ ಆ ಬರದ ಅಳತೆಯೇ ನಮಗೆ ಸಿಗುತ್ತಿರಲಿಲ್ಲ.

ನಮ್ಮ ಕಾಲದ ಆಘಾತ ಕೋವಿಡ್. 2036ರವರೆಗಿನ ಆ ಅಂದಾಜನ್ನು ತಯಾರಿಸಿದ್ದು ಕೋವಿಡ್ ಪರಿಣಾಮ ಗೊತ್ತಾಗುವ ಮೊದಲೇ. ವಿಶ್ವ ಆರೋಗ್ಯ ಸಂಸ್ಥೆ 2020 ಮತ್ತು 2021ರಲ್ಲಿ ಭಾರತದಲ್ಲಿ 47 ಲಕ್ಷ ಹೆಚ್ಚುವರಿ ಸಾವು, ಅಂದರೆ ಮಾಮೂಲಿಯಾಗಿ ಆಗುವುದಕ್ಕಿಂತ ಜಾಸ್ತಿ ಸಾವು, ಅಂತ ಅಂದಾಜು ಮಾಡಿತು, ನಮ್ಮ ಸರ್ಕಾರ ಅವರ ವಿಧಾನವೇ ಸರಿಯಿಲ್ಲ ಅಂತ ತಕರಾರು ಮಾಡಿತು. ಜಗಳ ಅಲ್ಲಿಗೇ ಬಿಡಿ. ಸರ್ಕಾರದ್ದೇ ನೋಂದಣಿ ಲೆಕ್ಕ ನೋಡಿ: 2020ರಲ್ಲಿ ನೋಂದಣಿಯಾದ ಸಾವು ಸುಮಾರು 81 ಲಕ್ಷ, 2021ರಲ್ಲಿ 1 ಕೋಟಿ 2 ಲಕ್ಷ. ಒಂದೇ ವರ್ಷದಲ್ಲಿ 21 ಲಕ್ಷ ಏರಿಕೆ. ಅದರಲ್ಲಿ ಒಂದು ಭಾಗ ನೋಂದಣಿ ಸುಧಾರಿಸಿದ್ದರಿಂದ ಇರಬಹುದು, ಎಲ್ಲವೂ ಅಲ್ಲ. ಈ 2021ರ ವರದಿ ಹೊರಗೆ ಬಂದದ್ದು 2025ರ ಮೇ ತಿಂಗಳಲ್ಲಿ. ನಾಲ್ಕು ವರ್ಷ! ತಡವಾಗಿ ಬಂದ ಅಂಕಿಯನ್ನು ಜನ ಅನುಮಾನದಿಂದ ನೋಡಿದರೆ ತಪ್ಪು ಜನರದ್ದಲ್ಲ.

ಈಗ ವಿಶ್ವಸಂಸ್ಥೆಯ ಲೆಕ್ಕಕ್ಕೆ ಬರೋಣ. ಅವರ ಪ್ರಕಾರ 2024ರಲ್ಲಿ ಭಾರತ 145 ಕೋಟಿ. ನಮ್ಮ ಜಿಡಿಪಿ ಲೆಕ್ಕದಲ್ಲಿ 2024-25ಕ್ಕೆ ಬಳಸಿದ್ದು ಸುಮಾರು 140.8 ಕೋಟಿ. ನಡುವಿನ ವ್ಯತ್ಯಾಸ ನಾಲ್ಕು ಕೋಟಿಗೂ ಜಾಸ್ತಿ. 2001ರಲ್ಲಿ ಇಡೀ ಕರ್ನಾಟಕ ಇದ್ದದ್ದೇ 5.28 ಕೋಟಿ ಅಂದ್ರೆ ಯೋಚಿಸಿ. ಯಾಕೆ ಹೀಗೆ? ಗಣತಿಯಲ್ಲಿ ಬಿಟ್ಟುಹೋದವರನ್ನೂ ಸೇರಿಸಿಕೊಂಡು ಲೆಕ್ಕ ಶುರು ಮಾಡುವುದು ವಿಶ್ವಸಂಸ್ಥೆಯ ರೂಢಿ. ಬಿಟ್ಟುಹೋಗುವುದು ಇದ್ದದ್ದೇ. 2011ರ ಗಣತಿ ಮುಗಿದ ಮೇಲೆ ಪರೀಕ್ಷೆಗೆ ಅಂತ ಒಂದು ಮಾದರಿ ಸಮೀಕ್ಷೆ ಮಾಡಿದಾಗ ಸಾವಿರಕ್ಕೆ 23 ಜನ ಎಣಿಕೆಯಿಂದ ತಪ್ಪಿಹೋಗಿದ್ದು ಗೊತ್ತಾಯಿತು. 121 ಕೋಟಿಗೆ ಗುಣಿಸಿದರೆ ಎರಡೂವರೆ ಕೋಟಿ ದಾಟುತ್ತದೆ. ಗಣತಿ ಇಲಾಖೆಯೇ ಇದನ್ನು ಅಳೆದು ಪ್ರಕಟಿಸಿದೆ, ಮುಚ್ಚಿಟ್ಟಿಲ್ಲ. ನಂಬಿಕೆ ಬರುವುದು ಇಂಥದ್ದರಿಂದ.

ಈ ವ್ಯತ್ಯಾಸ ತಲಾ ಲೆಕ್ಕಕ್ಕೆ ಏನು ಮಾಡುತ್ತದೆ? 2024-25ರ ಜಿಡಿಪಿ ಚಾಲ್ತಿ ಬೆಲೆಯಲ್ಲಿ 330.68 ಲಕ್ಷ ಕೋಟಿ ರೂಪಾಯಿ ಅಂತ ಮೇ 2025ರ ಅಂದಾಜು. 140.8 ಕೋಟಿಯಿಂದ ಭಾಗಿಸಿದರೆ ತಲೆಗೆ ಸುಮಾರು 2.35 ಲಕ್ಷ. 145 ಕೋಟಿಯಿಂದ ಭಾಗಿಸಿದರೆ 2.28 ಲಕ್ಷ. ದೇಶದ ಉತ್ಪಾದನೆಯಲ್ಲಿ ಒಂದು ರೂಪಾಯಿಯೂ ಬದಲಾಗಿಲ್ಲ, ತಲೆಗೆ ಏಳು ಸಾವಿರ ಹೋಯಿತು. ಜಗಳವೆಲ್ಲ ಮೇಲಿನ ಸಂಖ್ಯೆಯ ಮೇಲೆ ನಡೆಯುತ್ತದೆ, ಕೆಳಗಿನ ಸಂಖ್ಯೆಯನ್ನು ಯಾರೂ ನೋಡುವುದಿಲ್ಲ. ಪರೀಕ್ಷೆಗೆ ಒಳ್ಳೇ ಪ್ರಶ್ನೆ ಆಗುತ್ತೆ, ಕೊಡಿ.

ಕರ್ನಾಟಕದ ಎರಡು ತಲಾದಾಯಗಳ ವಿಷಯ ಇದಕ್ಕಿಂತ ಸುಲಭ. ಎರಡೂ ಸರಿ. 3,80,906 ಅನ್ನುವುದು ಚಾಲ್ತಿ ಬೆಲೆಯದ್ದು, ಅಂದರೆ 2024-25ರಲ್ಲಿ ಇದ್ದ ಬೆಲೆಗಳಲ್ಲಿ. 2,04,605 ಸ್ಥಿರ ಬೆಲೆಯದ್ದು, ಅಂದರೆ 2011-12ರ ಬೆಲೆಗಳೇ ಇನ್ನೂ ಇದ್ದಿದ್ದರೆ ಅದೇ ಸರಕು, ಅದೇ ಸೇವೆಗೆ ಎಷ್ಟಾಗುತ್ತಿತ್ತು ಅಂತ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ, ಸುಮಾರು 1.86 ಬರುತ್ತದೆ. ಹದಿಮೂರು ವರ್ಷದಲ್ಲಿ ಬೆಲೆ ಅಷ್ಟು ಮಟ್ಟಿಗೆ ಏರಿದೆ ಅಂತ ಅರ್ಥ. ರಾಜ್ಯ ನಿಜವಾಗಿ ಎಷ್ಟು ಬೆಳೆಯಿತು ಅಂತ ತಿಳಿಯಲು ಸ್ಥಿರ ಬೆಲೆ ನೋಡಬೇಕು. ಸಾಲ, ತೆರಿಗೆ, ಬಜೆಟ್ ಗಾತ್ರಕ್ಕೆ ಹೋಲಿಸಲು ಚಾಲ್ತಿ ಬೆಲೆ.

ಇಲ್ಲೊಂದು ಗುಂಡಿ ಇದೆ, ಹುಷಾರು. ಅದೇ ವರ್ಷ ಇಡೀ ದೇಶದ ತಲಾದಾಯ ಚಾಲ್ತಿ ಬೆಲೆಯಲ್ಲಿ 2,05,324 ರೂಪಾಯಿ. ಕರ್ನಾಟಕದ್ದು ಸ್ಥಿರ ಬೆಲೆಯಲ್ಲಿ 2,04,605. ಯಾರಾದರೂ ಎರಡನ್ನೂ ಪಕ್ಕಪಕ್ಕ ಇಟ್ಟು 'ನೋಡಿ, ಕರ್ನಾಟಕ ದೇಶದ ಸರಾಸರಿಗಿಂತಲೂ ಕೆಳಗೆ' ಅಂದುಬಿಡಬಹುದು, ಕೇಳುವವರಿಗೆ ಅನುಮಾನವೂ ಬರುವುದಿಲ್ಲ. ಸರಿಯಾದ ಜೋಡಿ ಬೇರೆ. ಸ್ಥಿರ ಬೆಲೆಯಲ್ಲಿ ದೇಶದ್ದು 1,14,710, ನಮ್ಮದು 2,04,605. ಹೆಚ್ಚುಕಡಿಮೆ 1.8 ಪಟ್ಟು. ಆ ವರ್ಷದ ಅಂಕಿ ಲಭ್ಯವಿದ್ದ ರಾಜ್ಯಗಳಲ್ಲಿ ನಮ್ಮದೇ ಮೊದಲು ಅಂತ ಸಂಸತ್ತಿನಲ್ಲಿ ಉತ್ತರ ಬಂದು ಇಲ್ಲಿ ದೊಡ್ಡ ಸುದ್ದಿಯೂ ಆಯಿತು.

ಆಯಿತು, ನಾವೇ ಮೊದಲು. ಆದರೆ ನಿಮ್ಮೂರಿನವರು 'ನಮ್ಮ ಪಾಲಿನ 3.8 ಲಕ್ಷ ಎಲ್ಲಿ ಹೋಯ್ತು ಸ್ವಾಮಿ' ಅಂತ ಕೇಳೇ ಕೇಳುತ್ತಾರೆ ಅಲ್ವಾ. ತಲಾದಾಯ ಅನ್ನುವುದು ಯಾರ ಜೇಬಿಗೂ ಬರುವ ದುಡ್ಡಲ್ಲ. ರಾಜ್ಯದಲ್ಲಿ ಹುಟ್ಟಿದ ಒಟ್ಟು ಆದಾಯವನ್ನು ತಲೆಗಳಿಂದ ಭಾಗಿಸಿದ್ದು. ಅದರಲ್ಲಿ ಕಂಪನಿಗಳು ತಮ್ಮಲ್ಲೇ ಉಳಿಸಿಕೊಂಡ ಲಾಭವೂ ಸೇರಿದೆ. ಬೆಂಗಳೂರು ನಗರ ಜಿಲ್ಲೆ ಒಂದೇ ರಾಜ್ಯದ ಉತ್ಪನ್ನದ ಮೂರನೇ ಒಂದಕ್ಕಿಂತ ಜಾಸ್ತಿ ಕೊಡುತ್ತದೆ. ಜಿಲ್ಲಾವಾರು ಪಟ್ಟಿಯಲ್ಲಿ ಕಲಬುರಗಿ ವರ್ಷ ವರ್ಷವೂ ತಳದಲ್ಲೇ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ 35 ಸೂಚ್ಯಂಕ ಹಿಡಿದು ಆಗಿದ್ದ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ, ಅದರಲ್ಲಿ 39 ಅತ್ಯಂತ ಹಿಂದುಳಿದಿವೆ ಅಂತ ಹೆಸರು ಹೆಸರು ಬರೆದುಕೊಟ್ಟಿತು. ಸರಾಸರಿಯನ್ನು ಒಡೆದು ನೋಡಿದ್ದರಿಂದಲೇ ಅದು ಉಪಯೋಗಕ್ಕೆ ಬಂತು.

ಮನೆಗಳ ನಿಜವಾದ ಸ್ಥಿತಿ ಬೇಕಾದರೆ ಖರ್ಚಿನ ಸಮೀಕ್ಷೆ ನೋಡಿ. 2023-24ರಲ್ಲಿ ದೇಶದ ಸುಮಾರು 2.62 ಲಕ್ಷ ಮನೆಗಳಿಗೆ ಹೋಗಿ ಕೇಳಿದ್ದಾರೆ. ತಿಂಗಳಿಗೆ ತಲಾ ಖರ್ಚು ಹಳ್ಳಿಯಲ್ಲಿ 4,122 ರೂಪಾಯಿ, ಪೇಟೆಯಲ್ಲಿ 6,996. ವರ್ಷಕ್ಕೆ ಅಂದರೆ ಹಳ್ಳಿಯವರದು ಐವತ್ತು ಸಾವಿರವೂ ಇಲ್ಲ. ತಲಾದಾಯದ ಎರಡು ಲಕ್ಷಕ್ಕೂ ಇದಕ್ಕೂ ಎಲ್ಲಿಂದೆಲ್ಲಿಗೆ! ಖರ್ಚು ಮತ್ತು ಆದಾಯ ಒಂದೇ ಅಲ್ಲ ನಿಜ. ಜೊತೆಗೆ ಗೇಟೆಡ್ ಬಂಗಲೆಯವರು ಸಮೀಕ್ಷೆಯವರನ್ನು ಒಳಗೇ ಬಿಡುವುದಿಲ್ಲ, ಹಾಗಾಗಿ ಮೇಲಿನವರ ಖರ್ಚು ಈ ಸಮೀಕ್ಷೆಗಳಿಗೆ ಸರಿಯಾಗಿ ಸಿಗುವುದೇ ಇಲ್ಲ. ಇದು ಪ್ರಪಂಚದ ಎಲ್ಲ ಕಡೆ ಇರುವ ಗೋಳು. ಅಷ್ಟಾದರೂ ಹಳ್ಳಿಯ ಬದುಕಿಗೆ ಹತ್ತಿರದ ಅಂಕಿ ಯಾವುದು ಅಂತ ಕೇಳಿದರೆ ನಾನು ಇದನ್ನೇ ತೋರಿಸುವುದು.

ಅದೇ ಸಮೀಕ್ಷೆಯಿಂದ ಇನ್ನೊಂದು ವಿಷಯ. ಹಳ್ಳಿಯ ಖರ್ಚಿನಲ್ಲಿ ಊಟ ತಿಂಡಿಯ ಪಾಲು 2011-12ರಲ್ಲಿ ಸುಮಾರು 53 ಶೇಕಡಾ ಇತ್ತು, 2023-24ಕ್ಕೆ 47ಕ್ಕೆ ಬಂತು. ಜನ ತಿನ್ನುವುದು ಕಮ್ಮಿ ಮಾಡಿಲ್ಲ, ಮೊಬೈಲು, ಓಡಾಟ, ಆಸ್ಪತ್ರೆ, ಫೀಸು ಅಂತ ಉಳಿದ ಖರ್ಚು ಬೆಳೆದಿದೆ. ಆದರೆ ಹಣದುಬ್ಬರ ಅಳೆಯುವ ಸೂಚ್ಯಂಕ ವರ್ಷಗಟ್ಟಲೆ ಹಳೆಯ ತೂಕದಲ್ಲೇ, ಅಂದರೆ ಯಾವ ಖರ್ಚಿಗೆ ಎಷ್ಟು ಪಾಲು ಅನ್ನುವ ಹಳೆಯ ಲೆಕ್ಕದಲ್ಲೇ, ನಡೆಯಿತು. ಟೊಮೆಟೊ ಈರುಳ್ಳಿ ಏರಿದಾಗ ಸೂಚ್ಯಂಕ ಬೇಕಾದ್ದಕ್ಕಿಂತ ಜಾಸ್ತಿ ನೆಗೆಯುತ್ತಿತ್ತು, ಇಳಿದಾಗ ಜಾಸ್ತಿ ಬೀಳುತ್ತಿತ್ತು. ರಿಸರ್ವ್ ಬ್ಯಾಂಕು ಬಡ್ಡಿ ದರ ಗೊತ್ತು ಮಾಡುವುದು ಇದೇ ಸೂಚ್ಯಂಕ ನೋಡಿ. ನಿಮ್ಮ ಗೃಹಸಾಲದ ಕಂತಿನೊಳಗೂ 2011-12 ಅಡಗಿ ಕೂತಿತ್ತು ಅಂತಾಯಿತು. ನಡುವೆ 2017-18ರಲ್ಲಿ ಒಂದು ಖರ್ಚಿನ ಸಮೀಕ್ಷೆ ನಡೆದಿತ್ತು, ಗುಣಮಟ್ಟ ಸರಿಯಿಲ್ಲ ಅಂತ ಸರ್ಕಾರ ಅದರ ಫಲಿತಾಂಶ ಬಿಡುಗಡೆ ಮಾಡಲಿಲ್ಲ. ಅದು ದೊಡ್ಡ ತಪ್ಪು ಅಂತ ನಾನು ಆಗಲೂ ಅಂದುಕೊಂಡಿದ್ದೆ, ಈಗಲೂ ಅಂದುಕೊಳ್ಳುತ್ತೇನೆ. ದೋಷ ಇದ್ದರೆ ದೋಷದ ಜೊತೆಗೇ ಪ್ರಕಟಿಸಬೇಕಿತ್ತು.

ಇನ್ನು ಜಿಡಿಪಿ ದರ ಯಾಕೆ ಬದಲಾಗುತ್ತಾ ಇರುತ್ತೆ ಅನ್ನುವುದು. 2023-24ರ ಬೆಳವಣಿಗೆ ತಗೊಳ್ಳಿ. 2024ರ ಜನವರಿಯಲ್ಲಿ 7.3 ಅಂದರು. ಫೆಬ್ರವರಿಯಲ್ಲಿ 7.6. ಮೇ ಕೊನೆಗೆ 8.2. 2025ರ ಫೆಬ್ರವರಿಯಲ್ಲಿ 9.2! ಒಂದೇ ವರ್ಷ, ನಾಲ್ಕು ಉತ್ತರ. 2020-21ರಲ್ಲೂ ಹೀಗೇ ಆಗಿತ್ತು, ಕುಸಿತ 7.7 ಅಂತ ಶುರುವಾಗಿ 8 ಆಗಿ, ಆಮೇಲೆ 7.3, 6.6 ಆಗಿ ಕೊನೆಗೆ 5.8ಕ್ಕೆ ನಿಂತಿತು.

ಜನವರಿಯ ಅಂದಾಜು ಬಜೆಟ್ಟಿಗೋಸ್ಕರ ಮಾಡುವುದು. ಆಗ ವರ್ಷವೇ ಮುಗಿದಿರುವುದಿಲ್ಲ. ಕೈಯಲ್ಲಿರುವುದು ಏಳೆಂಟು ತಿಂಗಳ ಸುಳಿವುಗಳು: ಸಿಮೆಂಟು, ಉಕ್ಕು, ರೈಲಿನ ಸರಕು, ವಾಹನ ಮಾರಾಟ, ಜಿಎಸ್‌ಟಿ, ಮುಂಗಾರು ಬೆಳೆಯ ಅಂದಾಜು, ಷೇರುಪೇಟೆಯಲ್ಲಿರುವ ಕಂಪನಿಗಳ ತ್ರೈಮಾಸಿಕ ಫಲಿತಾಂಶ. ಅದನ್ನು ಎಳೆದು ಪೂರ್ತಿ ವರ್ಷ ಮಾಡುತ್ತಾರೆ. ಆಮೇಲೆ ಲಕ್ಷಾಂತರ ಕಂಪನಿಗಳು ಸಲ್ಲಿಸಿದ ಲೆಕ್ಕಪತ್ರ, ಕಾರ್ಖಾನೆಗಳ ವಾರ್ಷಿಕ ಸಮೀಕ್ಷೆ, ಸರ್ಕಾರಗಳು ನಿಜವಾಗಿ ಮಾಡಿದ ಖರ್ಚು ಎಲ್ಲ ಬರುತ್ತಾ ಹೋದ ಹಾಗೆ ಸಂಖ್ಯೆ ಸರಿಹೋಗುತ್ತದೆ. ತಿದ್ದುಪಡಿ ಮಾಡುವುದು ತಪ್ಪಲ್ಲ. ಮೊದಲ ಅಂದಾಜನ್ನೇ ಕೊನೆಯ ಮಾತು ಅಂತ ಹಬ್ಬ ಮಾಡುವುದು, ಇಲ್ಲವೇ ತಲೆ ಮೇಲೆ ಕೈ ಹೊತ್ತು ಕೂರುವುದು ತಪ್ಪು.

ನನಗೆ ಜಿಡಿಪಿಯಲ್ಲಿ ನಿಜವಾದ ಅನುಮಾನ ಇರುವುದು ಬೇರೆ ಕಡೆ. ಸಣ್ಣ ಅಂಗಡಿ, ತಳ್ಳುಗಾಡಿ, ಗ್ಯಾರೇಜು, ಟೈಲರು, ಇವರದ್ದೆಲ್ಲ ಲೆಕ್ಕಪತ್ರ ಯಾರೂ ಸಲ್ಲಿಸುವುದಿಲ್ಲ. 2023-24ರ ಸಮೀಕ್ಷೆ ಪ್ರಕಾರ ಇಂಥ ಘಟಕಗಳು 7.34 ಕೋಟಿ, ಅವುಗಳಲ್ಲಿ ದುಡಿಯುವವರು 12 ಕೋಟಿ. ಈ ಸಮೀಕ್ಷೆ ಪ್ರತಿ ವರ್ಷ ನಡೆಯಲು ಶುರುವಾದದ್ದು ಇತ್ತೀಚೆಗೆ. ಅದಕ್ಕೂ ಮೊದಲು ಎಂದೋ ಒಮ್ಮೆ ಮಾಡಿದ ಸಮೀಕ್ಷೆಯನ್ನು ಬುನಾದಿ ಮಾಡಿಕೊಂಡು, ಎಷ್ಟೋ ವಲಯಗಳಲ್ಲಿ ದೊಡ್ಡ ಕಂಪನಿಗಳು ಬೆಳೆದ ದರದಲ್ಲೇ ಇವರೂ ಬೆಳೆದಿದ್ದಾರೆ ಅಂತ ಹಿಡಿಯುತ್ತಿದ್ದರು. ಮಾಮೂಲಿ ಕಾಲದಲ್ಲಿ ಇದು ನಡೆಯುತ್ತದೆ. ನೋಟು ರದ್ದಾದಾಗ, ಲಾಕ್‌ಡೌನ್ ಆದಾಗ ನಡೆಯುವುದಿಲ್ಲ. ಬಸ್‌ಸ್ಟ್ಯಾಂಡ್ ಪಕ್ಕದ ಇಡ್ಲಿ ಗಾಡಿ ಮುಚ್ಚಿ ಅದರ ಗಿರಾಕಿಗಳು ಆ್ಯಪಿನಲ್ಲಿ ದೊಡ್ಡ ಹೋಟೆಲಿನಿಂದ ತರಿಸಿಕೊಂಡರು ಅಂದುಕೊಳ್ಳಿ. ಹೋಟೆಲಿನ ವ್ಯಾಪಾರ ಏರಿತು. ಲೆಕ್ಕದಲ್ಲಿ ಮುಚ್ಚಿದ ಗಾಡಿಯೂ ಅದರ ಜೊತೆ ಏರಿತು. ಕೇಂದ್ರ ಸರ್ಕಾರದ ಮುಖ್ಯ ಆರ್ಥಿಕ ಸಲಹೆಗಾರರಾಗಿದ್ದ ಅರವಿಂದ್ ಸುಬ್ರಮಣಿಯನ್ ಅವರು 2019ರಲ್ಲಿ 2011-12ರ ನಂತರದ ಬೆಳವಣಿಗೆಯನ್ನು ವರ್ಷಕ್ಕೆ ಸುಮಾರು 2.5 ಶೇಕಡಾವಾರು ಅಂಶದಷ್ಟು ಜಾಸ್ತಿ ತೋರಿಸಲಾಗಿದೆ ಅಂತ ವಾದಿಸಿದರು, ಪ್ರಧಾನಿಯವರ ಆರ್ಥಿಕ ಸಲಹಾ ಮಂಡಳಿ ಅದನ್ನು ಅಲ್ಲಗಳೆಯಿತು. ಸುಬ್ರಮಣಿಯನ್ ಹೇಳಿದ ಅಷ್ಟು ದೊಡ್ಡ ಅಂತರ ಇದೆ ಅಂತ ನನಗೆ ಅನಿಸುವುದಿಲ್ಲ. ಆದರೆ ಐಎಂಎಫ್, ಅಂದರೆ ಅಂತರರಾಷ್ಟ್ರೀಯ ಹಣಕಾಸು ನಿಧಿ, 2025ರ ನವೆಂಬರಿನಲ್ಲಿ ನಮ್ಮ ರಾಷ್ಟ್ರೀಯ ಲೆಕ್ಕಗಳಿಗೆ 'ಸಿ' ದರ್ಜೆ ಕೊಟ್ಟದ್ದೂ ಸುಮ್ನೆ ಅಲ್ಲ, ಹಳೆಯ ಆಧಾರ ವರ್ಷ ಅದಕ್ಕೆ ಒಂದು ಮುಖ್ಯ ಕಾರಣ. ಆಧಾರ ವರ್ಷವನ್ನು 2022-23ಕ್ಕೆ ತರುವ ಕೆಲಸ ಕೈಗೆತ್ತಿಕೊಂಡದ್ದು ಇದಕ್ಕೇ.

ಬೇಸಾಯದ ಲೆಕ್ಕ ಮಾತ್ರ ನಿಮ್ಮ ಮಕ್ಕಳು ಕಣ್ಣಾರೆ ನೋಡಬಹುದು. ಕೊಯ್ಲಿನ ಹೊತ್ತಿಗೆ ಗ್ರಾಮ ಆಡಳಿತ ಅಧಿಕಾರಿಯನ್ನೋ ಕೃಷಿ ಇಲಾಖೆಯವರನ್ನೋ ಕೇಳಿ, ಬೆಳೆ ಕಟಾವು ಪ್ರಯೋಗ ಎಲ್ಲಿದೆ ಅಂತ. ಯಾವ ಸರ್ವೆ ನಂಬರು ಅನ್ನುವುದು ಮೊದಲೇ ಚೀಟಿ ಎತ್ತಿದ ಹಾಗೆ ಆಯ್ಕೆಯಾಗಿರುತ್ತದೆ, ಅಧಿಕಾರಿಗೆ ಬೇಕಾದ ಹೊಲ ಅಲ್ಲ. ಹೊಲದ ಒಂದು ಮೂಲೆಯಿಂದ ಇಷ್ಟು ಹೆಜ್ಜೆ ಉದ್ದಕ್ಕೆ, ಇಷ್ಟು ಹೆಜ್ಜೆ ಅಡ್ಡಕ್ಕೆ ಅಂತ ಕೊಟ್ಟಿರುತ್ತಾರೆ. ಅಲ್ಲಿ ಗೂಟ ಹೊಡೆದು, ಭತ್ತ ರಾಗಿಯಂಥ ಬೆಳೆಗೆ 5 ಮೀಟರ್ ಉದ್ದ 5 ಮೀಟರ್ ಅಗಲದ ಚೌಕಕ್ಕೆ ಹಗ್ಗ ಕಟ್ಟುತ್ತಾರೆ. ಒಳಗಿನ ಪೈರನ್ನು ಮಾತ್ರ ಕೊಯ್ದು, ಬಡಿದು, ತೂರಿ, ತೂಗುತ್ತಾರೆ. 25 ಚದರ ಮೀಟರಿನಲ್ಲಿ 5 ಕೆಜಿ ರಾಗಿ ಸಿಕ್ಕಿತು ಅಂದರೆ ಹೆಕ್ಟೇರಿಗೆ 400ರಿಂದ ಗುಣಿಸಿ, 20 ಕ್ವಿಂಟಲ್. ಕಾಲು ಕೆಜಿ ತೂಕ ತಪ್ಪಿದರೆ ಹೆಕ್ಟೇರಿಗೆ ಒಂದು ಕ್ವಿಂಟಲ್ ಹೆಚ್ಚುಕಡಿಮೆ! ಒಂದು ಹೊಲದಲ್ಲಿ ಜಾಸ್ತಿ, ಇನ್ನೊಂದರಲ್ಲಿ ಕಮ್ಮಿ ಆದರೆ ಸಾವಿರಾರು ಹೊಲಗಳಲ್ಲಿ ಸರಿದೂಗುತ್ತದೆ. ಎಲ್ಲರೂ ಒಂದೇ ಕಡೆಗೆ ತಪ್ಪಿದರೆ ಸರಿದೂಗುವುದಿಲ್ಲ. ಬೆಳೆ ವಿಮೆಯ ಪರಿಹಾರ ಗೊತ್ತು ಮಾಡುವುದೂ ಇಂಥದೇ ಪ್ರಯೋಗಗಳಿಂದ, ಹಾಗಾಗಿ ಹಗ್ಗದ ಸುತ್ತ ನಿಂತವರಿಗೆಲ್ಲ ಇಳುವರಿ ಸ್ವಲ್ಪ ಕಮ್ಮಿ ಬಂದರೆ ಚೆನ್ನ ಅನ್ನುವ ಆಸೆ ಇದ್ದೇ ಇರುತ್ತದೆ. ದೆಹಲಿಯಲ್ಲಿ ಕೃಷಿ ಬೆಳವಣಿಗೆ ಅಂತ ಓದಿ ಹೇಳುವ ಸಂಖ್ಯೆಯ ಬುಡದಲ್ಲಿ ಈ ಹಗ್ಗದ ಚೌಕ ಇದೆ.

ನಿರುದ್ಯೋಗದ ಬಗ್ಗೆ ನೀವು ಕೇಳಿಲ್ಲ, ಆದರೂ ಒಂದು ಮಾತು, ಯಾಕೆಂದರೆ ಮಕ್ಕಳು ಕೇಳೇ ಕೇಳುತ್ತಾರೆ. 2023-24ರಲ್ಲಿ ವರ್ಷದ ಲೆಕ್ಕದಲ್ಲಿ ನಿರುದ್ಯೋಗ 3.2 ಶೇಕಡಾ ಅಂತ ಸಮೀಕ್ಷೆ. ಅಪ್ಪನ ಅಂಗಡಿಯಲ್ಲಿ ಸಂಬಳ ಇಲ್ಲದೆ ಕೂರುವ ಪದವೀಧರನೂ ಈ ಲೆಕ್ಕದಲ್ಲಿ ಉದ್ಯೋಗಿ. ವಾರದ ಲೆಕ್ಕ ಬೇರೆ ಇದೆ, ಅದರಲ್ಲಿ ಏಳು ದಿನದಲ್ಲಿ ಒಂದು ಗಂಟೆ ಕೆಲಸ ಮಾಡಿದ್ದರೂ ಸಾಕು. ಅಂತರರಾಷ್ಟ್ರೀಯ ವ್ಯಾಖ್ಯೆಯೇ ಹಾಗಿದೆ. ನಮ್ಮಂಥ ದೇಶದಲ್ಲಿ ಕೆಲಸ ಇದೆಯಾ ಅನ್ನುವುದಕ್ಕಿಂತ ಎಂಥ ಕೆಲಸ, ಎಷ್ಟು ಕೂಲಿ ಅನ್ನುವ ಕೋಷ್ಟಕ ನೋಡಬೇಕು. ಅದೂ ಅದೇ ವರದಿಯಲ್ಲೇ ಇರುತ್ತದೆ, ಯಾರೂ ಪುಟ ತಿರುಗಿಸುವುದಿಲ್ಲ.

ಜನಗಣತಿ ತಡವಾದದ್ದರ ಏಟು ಬಿದ್ದದ್ದು ಅರ್ಥಶಾಸ್ತ್ರಜ್ಞರಿಗಲ್ಲ. ಆಹಾರ ಭದ್ರತಾ ಕಾಯ್ದೆಯಲ್ಲಿ ಹಳ್ಳಿಯ 75 ಶೇಕಡಾ, ಪೇಟೆಯ 50 ಶೇಕಡಾ ಜನರಿಗೆ ಪಡಿತರ. ಯಾವ ಜನಸಂಖ್ಯೆಯ 75 ಶೇಕಡಾ? 2011ರದ್ದು. ಹಾಗಾಗಿ ಇಡೀ ದೇಶಕ್ಕೆ 81.35 ಕೋಟಿ ಅಂತ ಗೆರೆ ಎಳೆದಿದೆ, ಜನ ಬೆಳೆದರೂ ಗೆರೆ ಅಲ್ಲೇ. ಅರ್ಥಶಾಸ್ತ್ರಜ್ಞರಾದ ಜಾನ್ ದ್ರೆಜ್ ಮತ್ತು ರೀತಿಕಾ ಖೇರಾ ಇದರಿಂದ ಹತ್ತು ಕೋಟಿ ಜನ ಹೊರಗುಳಿದಿದ್ದಾರೆ ಅಂತ ಲೆಕ್ಕ ಹಾಕಿದ್ದರು. ನಿಮ್ಮೂರಲ್ಲಿ ಮದುವೆಯಾಗಿ ಬೇರೆಯಾದ ಸಂಸಾರಕ್ಕೆ ಹೊಸ ಕಾರ್ಡು ಸಿಗುವುದು ಯಾಕೆ ಅಷ್ಟು ಕಷ್ಟ ಅನ್ನುವುದಕ್ಕೆ ಇದೂ ಒಂದು ಕಾರಣ. ಇನ್ನು ಯಾವ ರಾಜ್ಯಕ್ಕೆ ಎಷ್ಟು ಲೋಕಸಭಾ ಸೀಟು ಅನ್ನುವುದು 1971ರ ಜನಸಂಖ್ಯೆಗೇ ಅಂಟಿಕೊಂಡಿದ್ದು, 2026ರ ನಂತರದ ಮೊದಲ ಗಣತಿಗೆ ಕಾಯುವ ಹಾಗೆ ಸಂವಿಧಾನದಲ್ಲಿ ಬರೆದಿದೆ. 2027ರ ಗಣತಿ ಅಂದಾಗ ದಕ್ಷಿಣದ ರಾಜ್ಯಗಳು ಕಿವಿ ನೆಟ್ಟಗೆ ಮಾಡುವುದು ಅದಕ್ಕೇ.

ಹೊಸ ಗಣತಿಗೆ ಅಧಿಸೂಚನೆ ಬಂದದ್ದು 2025ರ ಜೂನ್ 16ರಂದು. ಮನೆಪಟ್ಟಿ 2026ರ ಏಪ್ರಿಲ್‌ನಿಂದ ಸೆಪ್ಟೆಂಬರ್ ಒಳಗೆ, ತಲೆ ಎಣಿಕೆ 2027ರ ಫೆಬ್ರವರಿಯಲ್ಲಿ, ಉಲ್ಲೇಖದ ಗಳಿಗೆ, ಅಂದರೆ ಯಾವ ಹೊತ್ತಿನ ಜನಸಂಖ್ಯೆ ಅಂತ ಹಿಡಿಯುವುದು, 2027ರ ಮಾರ್ಚ್ 1ರ ಶೂನ್ಯ ಗಂಟೆ. ಈ ಸಲ ಮೊಬೈಲಿನಲ್ಲಿ, ಜಾತಿಯನ್ನೂ ಕೇಳುತ್ತಾರೆ. ನಮ್ಮ ರಾಜ್ಯದ ಹಿಂದುಳಿದ ವರ್ಗಗಳ ಆಯೋಗ 2025ರ ಸೆಪ್ಟೆಂಬರಿನಲ್ಲಿ ಶುರು ಮಾಡಿದ 60 ಪ್ರಶ್ನೆಗಳ ಸಮೀಕ್ಷೆ ಬೇರೆ, ಇದು ಬೇರೆ. 'ನಮ್ಮ ಮನೆಗೆ ಆಗಲೇ ಬಂದಿದ್ರು' ಅಂತ ಯಾರೂ ಬಾಗಿಲು ಹಾಕಿಕೊಳ್ಳದಿರಲಿ.

ಕೊನೆಗೆ ರೇಷನ್ ಕಾರ್ಡು. ಮನೆಪಟ್ಟಿಯಲ್ಲಿ ಗೋಡೆ, ಸೂರು, ನೀರು, ಶೌಚಾಲಯದ ಜೊತೆ ಟಿವಿ, ವಾಹನ ಎಲ್ಲ ಕೇಳುತ್ತಾರೆ ನಿಜ. ಆದರೆ 1948ರ ಜನಗಣತಿ ಕಾಯ್ದೆಯ 15ನೇ ಕಲಂ ಪ್ರಕಾರ ಒಬ್ಬ ವ್ಯಕ್ತಿಯ ಬಗ್ಗೆ ಬರೆದುಕೊಂಡದ್ದನ್ನು ಯಾರೂ ತೆಗೆದು ನೋಡುವ ಹಾಗಿಲ್ಲ, ಕೋರ್ಟಿನಲ್ಲಿ ಸಾಕ್ಷಿಯಾಗಿಯೂ ಬಳಸುವ ಹಾಗಿಲ್ಲ. ಆಹಾರ ಇಲಾಖೆಗೆ ಆ ಪಟ್ಟಿ ಹೋಗುವುದಿಲ್ಲ. ಕಾರ್ಡು ರದ್ದಾಗುವುದು ಬೇರೆ ದಾರಿಗಳಲ್ಲಿ, ಆದಾಯ ತೆರಿಗೆ, ವಾಹನ ನೋಂದಣಿ, ಆಧಾರ್ ಜೋಡಣೆ ಅಂತ. ಅದಕ್ಕೆ ಗಣತಿದಾರರನ್ನು ಬೈದು ಫಲವಿಲ್ಲ, ಪಾಪ ಅವರಲ್ಲಿ ಬಹಳ ಜನ ನಿಮ್ಮ ಹಾಗೇ ಮೇಷ್ಟ್ರುಗಳು. ಅದೇ ಕಾಯ್ದೆಯಲ್ಲಿ ಇನ್ನೊಂದು ಮಾತಿದೆ, ಅಜ್ಜಿಯಂದಿರಿಗೆ ಹೇಳಿದರೆ ಖುಷಿಪಡುತ್ತಾರೆ: ಹೆಂಗಸರು ಗಂಡನ ಹೆಸರನ್ನಾಗಲಿ, ಸಂಪ್ರದಾಯದಂತೆ ಹೇಳಬಾರದ ಬೇರೆ ಯಾರ ಹೆಸರನ್ನಾಗಲಿ ಹೇಳಲೇಬೇಕು ಅಂತ ಬಲವಂತ ಮಾಡುವಂತಿಲ್ಲ.

ಒಂದು ವಿಷಯದಲ್ಲಿ ಮಾತ್ರ ಜನರಿಗೆ ತಿಳಿಹೇಳಿ. ಮಗ ಬೆಂಗಳೂರಿನ ಪಿಜಿಯಲ್ಲಿ ಇದ್ದುಕೊಂಡು ಅಲ್ಲೇ ಕೆಲಸ ಮಾಡುತ್ತಿದ್ದರೆ ಅವನ ಎಣಿಕೆ ಅಲ್ಲೇ ಆಗಬೇಕು, ಊರಿನ ಮನೆಯಲ್ಲಿ ಪ್ರೀತಿಗೆ ಅಂತ ಹೆಸರು ಸೇರಿಸಬೇಡಿ. ಸೇರಿಸಿದರೆ ಎರಡು ಕಡೆ ಲೆಕ್ಕಕ್ಕೆ ಬರುತ್ತಾನೆ. ಅವನು ಅಲ್ಲೂ ಬರೆಸದೆ ಇಲ್ಲೂ ಬರೆಸದೆ ಹೋದರೆ ಆ ಸಾವಿರಕ್ಕೆ 23ರಲ್ಲಿ ಒಬ್ಬನಾಗುತ್ತಾನೆ. ಹಾಗಾಗಿ ಫೆಬ್ರವರಿಯಲ್ಲಿ ಅವನಿಗೊಂದು ಫೋನ್ ಮಾಡಿ, ಪಿಜಿಗೆ ಗಣತಿಯವರು ಬಂದಿದ್ದರಾ ಅಂತ ಕೇಳಲು ಹೇಳಿ.